ಶಾಲೆಯ ಲೆಗೊ ಗುಂಪು: ಮೂವರು ಮಕ್ಕಳು, ಒಂದು ನಕ್ಷೆ, 80 ತುಂಡು

ಪ್ರಾಥಮಿಕ ಶಾಲೆಯ ಮಕ್ಕಳ ಮನಸ್ಸಿನ ನೆಮ್ಮದಿಗೆ, ಒಡನಾಟಕ್ಕೆ ಎಂದು ಮಾರಾಟಕ್ಕಿರುವ ಸಾಮಗ್ರಿಗಳಲ್ಲಿ ಬಹುಪಾಲು ಮಾತನ್ನೇ ನಂಬಿಕೊಂಡಿವೆ. ಅಳುವ-ನಗುವ ಮುಖಗಳ ಕಾರ್ಡು, ಬಣ್ಣದ ಚಾರ್ಟು, ‘ಈ ವಾರ ನಿನಗೆ ಸಿಟ್ಟು ಬಂದದ್ದು ಯಾವಾಗ?’ ಎಂದು ಕೇಳುವ ವರ್ಕ್‌ಶೀಟು. ಮಾತು ಸಲೀಸಾಗಿ ಬರುವ ಮಗುವಿಗೆ ಇವೆಲ್ಲ ಸುಲಭ. ಆದರೆ ಇಂಥ ಗುಂಪಿಗೆ ಸೇರಿಸಬೇಕೆಂದು ಶಿಕ್ಷಕರು ಗುರುತಿಸುವ ಮಗುವಿಗೆ ಸಾಮಾನ್ಯವಾಗಿ ಮಾತೇ ದೊಡ್ಡ ತೊಡಕು. ಲೆಗೊ (ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ತುಂಡುಗಳ ಆಟಿಕೆ) ಗುಂಪು ಗೆಲ್ಲುವುದು ಇಲ್ಲಿ. ಅದು ಮಗುವಿನ ಒಳಗನ್ನು ಕೆದಕಲು ಹೋಗುವುದಿಲ್ಲ. ಪಕ್ಕದವರ ಜೊತೆ ಮಾತಾಡದೆ ಮುಗಿಯದ ಒಂದು ಕೆಲಸವನ್ನು ಕೈಗೆ ಕೊಟ್ಟು ಸುಮ್ಮನಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಇರುವ ಮಕ್ಕಳಿಗಾಗಿ ಈ ಕ್ರಮವನ್ನು ರೂಪಿಸಿ, 2004ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. (ಅವರ ಹೆಸರಿಗೂ ಆಟಿಕೆಯ ಹೆಸರಿಗೂ ಇರುವ ಹೋಲಿಕೆ ಬರೀ ಆಕಸ್ಮಿಕ.) ಈಗ ಆಟಿಸಂ ಇಲ್ಲದಿದ್ದರೂ ತೀರಾ ಸಂಕೋಚವಿರುವ, ಹೊಸದಾಗಿ ಶಾಲೆ ಬದಲಿಸಿದ, ಸರದಿ ಕಾಯಲಾಗದ ಮಕ್ಕಳಿಗೂ ಶಾಲೆಗಳು ಇದನ್ನು ಬಳಸುತ್ತವೆ. ಇಲ್ಲಿ ತೂಗಿ ನೋಡುತ್ತಿರುವುದು ಆ ಶಾಲಾ ರೂಪವನ್ನು: ಮೂವರು ಮಕ್ಕಳು, ಒಬ್ಬರು ದೊಡ್ಡವರು, ವಾರಕ್ಕೊಮ್ಮೆ 45 ನಿಮಿಷ, 12 ವಾರ.

ಮೂರು ಕೆಲಸ

ಎಂಜಿನಿಯರ್ ಕೈಯಲ್ಲಿ ನಕ್ಷೆ ಇರುತ್ತದೆ, ತುಂಡುಗಳನ್ನು ಮುಟ್ಟುವಂತಿಲ್ಲ. ಸ್ಟೋರಿನವರ ಮುಂದೆ ತುಂಡುಗಳ ತಟ್ಟೆ ಇರುತ್ತದೆ, ನಕ್ಷೆ ನೋಡುವಂತಿಲ್ಲ. ಮೇಸ್ತ್ರಿಗೆ ನಕ್ಷೆಯೂ ಇಲ್ಲ, ತಟ್ಟೆಯೂ ಇಲ್ಲ. ಕೈಗೆ ಬಂದದ್ದನ್ನು ಹೇಳಿದ ಜಾಗದಲ್ಲಿ ಕೂರಿಸುವುದಷ್ಟೇ ಕೆಲಸ. ಮೂಲದಲ್ಲಿ ಕೊನೆಯ ಎರಡಕ್ಕೆ ಸಪ್ಲೈಯರ್, ಬಿಲ್ಡರ್ ಎಂದು ಹೆಸರು. ಸ್ಟೋರು, ಮೇಸ್ತ್ರಿ ಅಂದರೆ ಮಕ್ಕಳಿಗೆ ವಿವರಣೆಯೇ ಬೇಕಾಗುವುದಿಲ್ಲ.

ಒಬ್ಬರ ಬಳಿ ಇರುವುದು ಇನ್ನೊಬ್ಬರ ಬಳಿ ಇಲ್ಲ. ಇಡೀ ಕ್ರಮದ ಜಾಣತನ ಇಷ್ಟೇ. ‘ಹಂಚಿಕೊಂಡು ಆಡಿ’ ಎಂದು ನೂರು ಸಲ ಹೇಳಿದರೂ ಆಗದ್ದು, ನಕ್ಷೆಯನ್ನು ಒಬ್ಬರಿಗೆ, ತಟ್ಟೆಯನ್ನು ಇನ್ನೊಬ್ಬರಿಗೆ ಕೊಟ್ಟ ಕೂಡಲೇ ತಾನಾಗಿ ಶುರುವಾಗುತ್ತದೆ. ಇನ್ನೊಂದು ಲಾಭ ತಪ್ಪಿನ ವಿಷಯದಲ್ಲಿ. ಎಂಜಿನಿಯರ್ ಅರ್ಧಂಬರ್ಧ ಹೇಳಿದ್ದು ಮೂರು ಹೆಜ್ಜೆ ಆದ ಮೇಲೆ ಕಟ್ಟಡದಲ್ಲೇ ಕಾಣುತ್ತದೆ: ಚಕ್ರ ಕೂರುವುದಿಲ್ಲ, ಚಾವಣಿ ಮುಚ್ಚುವುದಿಲ್ಲ. ಆಗ ಎಲ್ಲರ ಕಣ್ಣೂ ವಸ್ತುವಿನ ಮೇಲಿರುತ್ತದೆಯೇ ಹೊರತು ಒಬ್ಬರ ಮುಖದ ಮೇಲಲ್ಲ. ಬೈಗುಳಕ್ಕೆ ಹೆದರುವ ಮಗು ತಪ್ಪನ್ನು ಒಪ್ಪಿಕೊಳ್ಳಲು ಇಷ್ಟು ಸುರಕ್ಷಿತವಾದ ಜಾಗ ಶಾಲೆಯಲ್ಲಿ ಬೇರೆ ಸಿಗುವುದು ಅಪರೂಪ.

ನಾಲ್ವರಿದ್ದರೆ ನಾಲ್ಕನೆಯವರಿಗೆ ಮೇಲ್ವಿಚಾರಕರ ಪಟ್ಟ ಕೊಡುವುದುಂಟು. ಅದನ್ನು ನಾವು ಒಪ್ಪುವುದಿಲ್ಲ. ಕೈಯಲ್ಲಿ ಏನೂ ಇಲ್ಲದ ಮಗು ಹತ್ತೇ ನಿಮಿಷದಲ್ಲಿ ಉಳಿದವರನ್ನು ಆಳಲು ಶುರುಮಾಡುತ್ತದೆ, ಇಲ್ಲವೇ ಕಿಟಕಿ ನೋಡುತ್ತ ಕೂರುತ್ತದೆ. ನಾಲ್ವರಿದ್ದರೆ ಇಬ್ಬಿಬ್ಬರ ಎರಡು ಜೋಡಿ ಮಾಡಿ. ಸ್ಟೋರನ್ನೂ ಮೇಸ್ತ್ರಿ ಕೆಲಸವನ್ನೂ ಒಬ್ಬರೇ ನೋಡಿಕೊಳ್ಳಲಿ.

ಸಾಮಾನು ಹೇಗಿರಬೇಕು

ಮೊದಲ ಎರಡು ವಾರಕ್ಕೆ 25ರಿಂದ 40 ತುಂಡಿನ ಮಾದರಿ ಸಾಕು. ಆಮೇಲೆ 80ರ ಸುಮಾರು. 150 ದಾಟಿದ ಮಾದರಿ ಒಂದೇ ಅವಧಿಯಲ್ಲಿ ಮುಗಿಯುವುದಿಲ್ಲ, ಅರ್ಧ ಕಟ್ಟಿದ್ದನ್ನು ಒಂದು ವಾರ ಕಾಯುವುದು ಯಾರ ಕೈಯಲ್ಲೂ ಆಗದ ಮಾತು. ಪೆಟ್ಟಿಗೆಯ ಮೇಲೆ ಬರೆದ ವಯಸ್ಸನ್ನು ನಂಬಬೇಡಿ. ಅದು ಒಬ್ಬರೇ ನಕ್ಷೆ ನೋಡಿಕೊಂಡು ಕಟ್ಟುವುದಕ್ಕೆ ಹಾಕಿದ ಲೆಕ್ಕ. ನೋಡಿ ಕಟ್ಟುವುದಕ್ಕಿಂತ ಕೇಳಿ ಕಟ್ಟುವುದು ಬಹಳ ಕಷ್ಟ. ಮಗುವಿನ ವಯಸ್ಸಿಗಿಂತ ಎರಡು ವರ್ಷ ಚಿಕ್ಕವರಿಗೆಂದು ಬರೆದ ಮಾದರಿ ತೆಗೆದುಕೊಂಡರೆ ಸರಿಹೋಗುತ್ತದೆ.

ಲೆಗೊದ ಈಗಿನ ಜೋಡಣೆಯ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅಂದಿನ ತುಂಡು ಇಂದಿನದಕ್ಕೂ ಕೂರುತ್ತದೆ. ಹಾಗಾಗಿ ಹಳೆಯ, ಬಳಸಿದ ತುಂಡುಗಳನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಅಗ್ಗದ ನಕಲುಗಳ ವಿಷಯದಲ್ಲಿ ಮಾತ್ರ ಎಚ್ಚರ. ಕೆಲವು ತೀರಾ ಬಿಗಿ, ಏಳು ವರ್ಷದ ಬೆರಳಿಗೆ ಬಿಡಿಸಲಾಗುವುದಿಲ್ಲ. ಕೆಲವು ತೀರಾ ಸಡಿಲ, ಕಟ್ಟಿದ್ದು ಕೈಗೆತ್ತಿದಾಗ ಉದುರುತ್ತದೆ. ಸಿಟ್ಟನ್ನು ಹಿಡಿತಕ್ಕೆ ತರಲು ಹೊರಟ ಗುಂಪಿನಲ್ಲಿ ತಾನಾಗಿ ಉದುರುವ ಕಟ್ಟಡ ಬೇಡ. ಬೆರಳು ಇನ್ನೂ ಪಳಗದ, ಅಥವಾ ಸಿಕ್ಕಿದ್ದನ್ನು ಬಾಯಿಗಿಡುವ ಮಗು ಇದ್ದರೆ ಲೆಗೊದವರದೇ ದೊಡ್ಡ ತುಂಡುಗಳಾದ ಡ್ಯೂಪ್ಲೊ ಬಳಸಿ. ಅದರ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಇಮ್ಮಡಿ.

ತಟ್ಟೆಯ ವಿಷಯಕ್ಕೆ ಬಂದರೆ, ಬಣ್ಣದ ಪ್ರಕಾರ ವಿಂಗಡಿಸುವುದು ನೋಡಲು ಚೆಂದ, ಬಳಸಲು ಕೆಟ್ಟದ್ದು. ಕಪ್ಪು ತುಂಡುಗಳೇ ತುಂಬಿದ ತಟ್ಟೆಯಲ್ಲಿ ಚಿಕ್ಕದೊಂದನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ. ಆಕಾರದ ಪ್ರಕಾರ ನಾಲ್ಕು ಗುಂಪು ಮಾಡಿ: ದಪ್ಪ ಇಟ್ಟಿಗೆ, ತೆಳು ಹಲಗೆ, ಇಳಿಜಾರಿನವು, ಚಕ್ರ-ಕಿಟಕಿಯಂಥ ಬಿಡಿಗಳು. ತಟ್ಟೆ ಆಳವಿಲ್ಲದ್ದಾಗಿರಲಿ, ತಳ ಬಿಳಿ ಇರಲಿ. ಕೆಂಪು-ಹಸಿರು ಬೇರೆಯಾಗಿ ಕಾಣದ ಮಗು ಇದ್ದರೆ ಅವೆರಡರಲ್ಲಿ ಒಂದು ಬಣ್ಣವೇ ಇಲ್ಲದ ಮಾದರಿ ಆರಿಸಿ.

ಮಕ್ಕಳು ಅತಿ ಹೆಚ್ಚು ಎಡವುವುದು ದಪ್ಪ ಇಟ್ಟಿಗೆ, ತೆಳು ಹಲಗೆಗಳ ನಡುವೆ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಎತ್ತರದಲ್ಲಿ ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಮೊದಲ ದಿನವೇ ಮೂರು ಹಲಗೆ ಪೇರಿಸಿ, ಪಕ್ಕದಲ್ಲಿ ಒಂದು ಇಟ್ಟಿಗೆ ಇಟ್ಟು ತೋರಿಸಿ. ಹೆಸರುಗಳನ್ನು ಮಕ್ಕಳೇ ಗೊತ್ತುಮಾಡಲಿ, ಆದರೆ ಹೇಳುವ ಕ್ರಮ ಒಂದೇ ಇರಲಿ: ಬಣ್ಣ, ದಪ್ಪವೋ ತೆಳುವೋ, ತುಂಡಿನ ಮೇಲೆ ಎದ್ದಿರುವ ಗುಬುಟುಗಳ ಎಣಿಕೆ. ‘ಕೆಂಪು, ದಪ್ಪ, ಎರಡು-ನಾಲ್ಕರದು’. ಎರಡು ವಾರದಲ್ಲಿ ಇದು ನಾಲಿಗೆಗೆ ಕೂತುಬಿಡುತ್ತದೆ.

ಕೂರಿಸುವ ರೀತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಮೇಲೆ ಒದ್ದಾಡುತ್ತಾರೆ. ಎಂಜಿನಿಯರ್ ಮತ್ತು ಮೇಸ್ತ್ರಿ ಎದುರುಬದುರು ಕೂತರೆ ಒಬ್ಬರ ಎಡ ಇನ್ನೊಬ್ಬರ ಬಲ. ಅರ್ಧ ಜಗಳ ಇದರಿಂದಲೇ ಹುಟ್ಟುತ್ತದೆ. ಇಬ್ಬರನ್ನೂ ಮೇಜಿನ ಒಂದೇ ಬದಿಗೆ ಕೂರಿಸಿ, ನಡುವೆ ನಕ್ಷೆಗೆ ಮರೆಯಾಗಿ ಒಂದು ಫೈಲು ನಿಲ್ಲಿಸಿ. ಸ್ಟೋರಿನವರು ಮೇಜಿನ ಕೊನೆಯಲ್ಲಿರಲಿ. ನಕ್ಷೆಯನ್ನು ಒಂದು ಹಾಳೆಗೆ ಒಂದೇ ಹೆಜ್ಜೆ ಬರುವಂತೆ ಬಿಡಿಸಿ ಇಟ್ಟುಕೊಂಡರೆ ಎಂಜಿನಿಯರ್ ಮುಂದಕ್ಕೆ ಓಡುವುದಿಲ್ಲ.

ತುಂಡು ಬಿಡಿಸುವ ಪ್ಲಾಸ್ಟಿಕ್ ಸಲಕರಣೆ ಒಂದು ಸಿಗುತ್ತದೆ, ಮರೆಯದೆ ಇಡಿ. ಇಲ್ಲದಿದ್ದರೆ ಹಲ್ಲು ಆ ಕೆಲಸ ಮಾಡುತ್ತದೆ. ತೊಳೆಯುವುದು ಕೈಯಲ್ಲೇ, 40 ಡಿಗ್ರಿ ಸೆಲ್ಸಿಯಸ್ ಮೀರದ ಸೋಪಿನ ನೀರಿನಲ್ಲಿ. ಪ್ರತಿ ಸಲ ಎಣಿಸಿ ಇಡಿ. ಒಂದು ತುಂಡು ಕಳೆದರೆ ಅವತ್ತಿನ ಅವಧಿ ಕಳೆದಂತೆಯೇ.

45 ನಿಮಿಷ

ಕುಶಲ, ನಿಯಮಗಳಿಗೆ 5 ನಿಮಿಷ; ಚೀಟಿ ಎತ್ತಿ ಕೆಲಸ ಹಂಚಲು 3; ಕಟ್ಟಲು 24; ಮನಬಂದಂತೆ ಕಟ್ಟಲು 8; ಎತ್ತಿಡಲು 5. ಕೆಲಸ ಬದಲಿಸುವುದನ್ನು ಗಡಿಯಾರಕ್ಕೆ ಬಿಡಬೇಡಿ. ಕೈಯಲ್ಲಿರುವ ತುಂಡು ಕೂರುವ ಮೊದಲೇ ಗಂಟೆ ಬಾರಿಸಿದರೆ ಜಗಳ ಗ್ಯಾರಂಟಿ. 24 ಹೆಜ್ಜೆಯ ನಕ್ಷೆಯಾದರೆ 8 ಹೆಜ್ಜೆಗೊಮ್ಮೆ ಬದಲಾಗಲಿ. ಯಾವ ಹಾಳೆಯಲ್ಲಿ ಬದಲಾಗುತ್ತದೆ ಎನ್ನುವುದು ಮೊದಲೇ ಎಲ್ಲರಿಗೂ ಕಾಣುವಂತೆ ಬಣ್ಣದ ಚೀಟಿ ಅಂಟಿಸಿ.

ನಿಯಮಗಳು ನಾಲ್ಕೈದಕ್ಕಿಂತ ಹೆಚ್ಚು ಬೇಡ. ಮುರಿದವರೇ ಸರಿಮಾಡಬೇಕು, ಆಗದಿದ್ದರೆ ಸಹಾಯ ಕೇಳಬೇಕು. ಇನ್ನೊಬ್ಬರ ಕೈಯಲ್ಲಿದ್ದರೆ ಕೇಳಿ ತೆಗೆದುಕೊಳ್ಳಬೇಕು. ಎತ್ತಿದ್ದನ್ನು ಎತ್ತಿದಲ್ಲೇ ಇಡಬೇಕು. ಕಿರುಚುವುದು, ಹಂಗಿಸುವುದು ಇಲ್ಲ. ಮೊದಲನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಶಿಕ್ಷೆಯ ಜಾಗದಲ್ಲಿ ದುರಸ್ತಿಯನ್ನು ಇಡುತ್ತದೆ.

ಮನಬಂದಂತೆ ಕಟ್ಟುವ 8 ನಿಮಿಷವನ್ನು ಉಡುಗೊರೆಯೆಂದು ತಿಳಿದು, ಹೊತ್ತಾಯಿತೆಂದು ಕತ್ತರಿಸುವವರೇ ಹೆಚ್ಚು. ಅದು ತಪ್ಪು. ನಕ್ಷೆ ಇದ್ದಾಗ ಏನು ಕಟ್ಟಬೇಕೆಂಬ ಚರ್ಚೆಯೇ ಇರುವುದಿಲ್ಲ. ಇಲ್ಲಿ ಇಬ್ಬರ ಆಸೆ ಎರಡು ದಿಕ್ಕಿಗೆ ಎಳೆಯುತ್ತದೆ, ಬಿಟ್ಟುಕೊಡುವುದು ಕಲಿಯಬೇಕಾಗುತ್ತದೆ. ಐದಾರು ವಾರ ಕಳೆದ ಮೇಲೆ ನಕ್ಷೆಯ ಹೊತ್ತನ್ನು ಇಳಿಸಿ ಇದಕ್ಕೇ 20 ನಿಮಿಷ ಕೊಡುವುದು ಒಳ್ಳೆಯದು.

ದೊಡ್ಡವರೇ ದೊಡ್ಡ ತೊಂದರೆ

ಈ ಕ್ರಮ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಜೊತೆಗಿರುವ ದೊಡ್ಡವರು ನಾಲ್ಕನೇ ಮೇಸ್ತ್ರಿಯಾಗಿಬಿಡುತ್ತಾರೆ. ಮಗು ತುಂಡು ಹುಡುಕಲು ತಡಕಾಡಿದರೆ ಇವರ ಕೈ ತಾನೇ ತಟ್ಟೆಗೆ ಹೋಗುತ್ತದೆ. ಕೈ ಕಟ್ಟಿ ಕೂರುವುದೇ ಇಲ್ಲಿಯ ಕಸುಬು. ತಡವರಿಸಿದಾಗ ಮೊದಲು 10 ಸೆಕೆಂಡು ಸುಮ್ಮನಿರಿ. ಮನಸ್ಸಿನಲ್ಲೇ ಎಣಿಸಿ, ಅದು ಅಂದುಕೊಂಡದ್ದಕ್ಕಿಂತ ಬಹಳ ಉದ್ದ. ಆಮೇಲೆ ಕಂಡದ್ದನ್ನಷ್ಟೇ ಹೇಳಿ: ‘ಮೇಸ್ತ್ರಿಗೆ ಏನೋ ಬೇಕಾದ ಹಾಗಿದೆ.’ ಅದಕ್ಕೂ ಆಗದಿದ್ದರೆ ಪ್ರಶ್ನೆ: ‘ಅದನ್ನ ಯಾರನ್ನ ಕೇಳಬಹುದು?’ ಕೊನೆಗೆ ಬಾಯಿಗೆ ಮಾತು ಕೊಡಿ: ‘ಎಂಜಿನಿಯರೇ, ಇನ್ನೊಂದು ಸಲ ಹೇಳ್ತೀಯಾ ಅಂತ ಕೇಳು.’ ಮಗು ನಿಮ್ಮ ಮುಖ ನೋಡಿ ‘ಸರಿನಾ ಮಿಸ್?’ ಅಂದರೆ ಉತ್ತರ ಕೊಡಬೇಡಿ, ಎಂಜಿನಿಯರ್ ಕಡೆ ನೋಡಿ. ಆ ನೋಟ ಸಾಕು.

ತಪ್ಪು ಜೋಡಣೆ ಕಣ್ಣಿಗೆ ಬಿದ್ದರೂ ಮೂರು ಹೆಜ್ಜೆಯವರೆಗೆ ಬಿಟ್ಟುಬಿಡಿ, ಅವರೇ ಕಂಡುಹಿಡಿಯಲಿ. ಅದಕ್ಕಿಂತ ಮುಂದೆ ಹೋದರೆ ಮಾತ್ರ ‘ಒಂದ್ನಿಮಿಷ, ನಕ್ಷೆಗೂ ಇದಕ್ಕೂ ಹೋಲಿಸಿ ನೋಡೋಣ’ ಅನ್ನಿ. ಆರು-ಏಳು ಹೆಜ್ಜೆ ಬಿಚ್ಚಬೇಕಾಗಿ ಬಂದರೆ ಮೊದಮೊದಲ ವಾರಗಳಲ್ಲಿ ಮಗು ಕೈಚೆಲ್ಲಿ ಎದ್ದು ಹೋಗುತ್ತದೆ. ಜಗಳವಾದಾಗ ‘ತಪ್ಪು ಯಾರದು?’ ಬೇಡ, ‘ನಕ್ಷೆಯ ಯಾವ ಮಾತು ಮೇಸ್ತ್ರಿಗೆ ತಲುಪಲಿಲ್ಲ?’ ಸಾಕು. ಇಬ್ಬರು ದೊಡ್ಡವರಿದ್ದರೆ ಇನ್ನೂ ಒಳ್ಳೆಯದೆಂದು ಕಾಣುತ್ತದೆ, ಹಾಗಾಗುವುದಿಲ್ಲ. ಅವರಿಬ್ಬರೂ ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ.

ಇನ್ನೊಂದು ವಿಷಯ. ಕೈಗೆ ಕೆಲಸವಿದ್ದು ಕಣ್ಣು ಕೆಳಗಿದ್ದಾಗ ಮಕ್ಕಳು ಎಲ್ಲೂ ಹೇಳದ್ದನ್ನು ಹೇಳಿಬಿಡುವುದುಂಟು. ಮನೆಯಲ್ಲೋ ಶಾಲೆಯಲ್ಲೋ ಹಿಂಸೆಯಾಗುತ್ತಿರುವ ಸುಳಿವು ಸಿಕ್ಕರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಪ್ರಶ್ನೆ ಮೇಲೆ ಪ್ರಶ್ನೆ ಕೇಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಎಂದು ತಿಳಿಸಿ, ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಅಂದೇ ಬರೆದು, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಮುಟ್ಟಿಸಿ. ಗುಂಪು ಶುರುವಾಗುವ ಮೊದಲೇ ಆ ವ್ಯಕ್ತಿ ಯಾರೆಂದು ತಿಳಿದಿರಬೇಕು.

ಯಾರನ್ನು ಸೇರಿಸುವುದು

ಮೂವರೂ ಬಾಯಿಬಿಡದವರಾದರೆ ಗುಂಪು ಹೆಪ್ಪುಗಟ್ಟುತ್ತದೆ. ಮೂವರೂ ಮುಂಗೋಪಿಗಳಾದರೆ ಒಬ್ಬರ ಪುಂಡಾಟಕ್ಕೆ ಇನ್ನಿಬ್ಬರ ನಗುವೇ ಬಹುಮಾನ. ಹದಿಹರೆಯದವರಲ್ಲಿ ಹೀಗೆ ಒಂದೇ ತೊಂದರೆಯವರನ್ನು ಒಟ್ಟು ಹಾಕಿ ನಡತೆ ಇನ್ನಷ್ಟು ಕೆಟ್ಟದ್ದನ್ನು ಟಾಮ್ ಡಿಷನ್ ಮತ್ತು ಜೊತೆಗಾರರು 1999ರಲ್ಲೇ ತೋರಿಸಿದ್ದಾರೆ. ಚಿಕ್ಕ ಮಕ್ಕಳಲ್ಲೂ ಆ ಎಚ್ಚರ ಇರಲಿ. ಸಹಾಯ ಬೇಕಾದವರು ಇಬ್ಬರು, ತಾಳ್ಮೆಯ ಮಗು ಒಬ್ಬರು. ಈ ಮೂರನೆಯವರು ಪುಟ್ಟ ಶಿಕ್ಷಕರಲ್ಲ, ಅವರಿಗೂ ಲೆಗೊ ಇಷ್ಟವಿರಬೇಕು. ಪೀಡಿಸುವ ಮಗುವನ್ನೂ ಅದರ ಕಾಟ ತಿಂದ ಮಗುವನ್ನೂ ಒಂದೇ ಮೇಜಿಗೆ ಕೂರಿಸಲೇಬೇಡಿ.

ಹೆಸರು ‘ಲೆಗೊ ಕ್ಲಬ್’ ಅಂತಿರಲಿ. ಪಾಲಕರ ಒಪ್ಪಿಗೆ ಜೊತೆ ಮಗುವಿನ ಒಪ್ಪಿಗೆಯನ್ನೂ ಕೇಳಿ. ಆಟದ ಪೀರಿಯಡ್ಡನ್ನು ಕಿತ್ತುಕೊಂಡು ಈ ಗುಂಪು ನಡೆಸಿದರೆ ಮಗು ಬರುವುದೇ ಮುನಿಸಿನಲ್ಲಿ.

ಫಲ ಎಷ್ಟು?

ಲೆಗಾಫ್ ಅವರ 2004ರ ಪ್ರಬಂಧದಲ್ಲಿ 47 ಮಕ್ಕಳಿದ್ದರು. ಅವರು ಎಣಿಸಿದ ಮುಖ್ಯ ಸಂಗತಿ ನಮಗೆ ಬಹಳ ಹಿಡಿಸಿತು: ಶಾಲೆಯ ಬಿಡುವಿನ ಹೊತ್ತಿನಲ್ಲಿ ಮಗು ತಾನಾಗಿ ಎಷ್ಟು ಸಲ ಇನ್ನೊಂದು ಮಗುವಿನ ಬಳಿ ಹೋಗಿ ಮಾತಿಗೆ ಶುರುವಿಟ್ಟಿತು ಎನ್ನುವುದು. 2008ರಲ್ಲಿ ಜೀನಾ ಓವೆನ್ಸ್ ಮತ್ತು ಸಂಗಡಿಗರು ಆಟಿಸಂ ಇರುವ 6ರಿಂದ 11 ವರ್ಷದವರಲ್ಲಿ, ವಾರಕ್ಕೆ ಒಂದು ಗಂಟೆಯಂತೆ 18 ವಾರ, ಇದನ್ನೂ ಸಂಭಾಷಣೆ ಕಲಿಸುವ ಇನ್ನೊಂದು ಕ್ರಮವನ್ನೂ ಹೋಲಿಸಿ ನೋಡಿದರು. ಎರಡೂ ಅಧ್ಯಯನಗಳು ಚಿಕ್ಕವು, ಎರಡೂ ಆಟಿಸಂ ಇರುವ ಮಕ್ಕಳವು. ಇವನ್ನು ತೋರಿಸಿ ‘ಎಲ್ಲ ಮಕ್ಕಳಿಗೂ ಸಾಬೀತಾಗಿದೆ’ ಎಂದು ಹೇಳುವವರಿಂದ ತರಬೇತಿ ಕೊಳ್ಳಬೇಡಿ.

ಇಡೀ ತರಗತಿಗೆ ನಡೆಸುವ ಸಾಮಾಜಿಕ-ಭಾವನಾತ್ಮಕ ಕಲಿಕೆಯ (ಭಾವನೆಗಳನ್ನು ನಿಭಾಯಿಸಲು, ಒಡನಾಡಲು ಕಲಿಸುವ ಪಾಠಗಳ) ಬಗ್ಗೆ 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಹೋದ್ಯೋಗಿಗಳು 213 ಕಾರ್ಯಕ್ರಮಗಳನ್ನು ಒಟ್ಟಿಗೆ ಲೆಕ್ಕ ಹಾಕಿದ್ದರು, ಮಕ್ಕಳ ಸಂಖ್ಯೆ 2,70,034. ಕೆಲಸ ಮಾಡಿದವುಗಳ ಗುರುತು ನಾಲ್ಕು: ಹಂತಹಂತವಾಗಿ ಸಾಗುವುದು, ಕೈಯಾರೆ ಮಾಡಿಸುವುದು, ಇದಕ್ಕೆಂದೇ ಹೊತ್ತು ಮೀಸಲಿಡುವುದು, ಕಲಿಸುತ್ತಿರುವ ಕೌಶಲವನ್ನು ಬಾಯಿಬಿಟ್ಟು ಹೇಳುವುದು. ಈ ಒರೆಗಲ್ಲಿಗೆ ತಿಕ್ಕಿದರೆ ಲೆಗೊ ಗುಂಪಿಗೆ ಮೊದಲ ಮೂರರಲ್ಲಿ ಪೂರ್ತಿ ಅಂಕ, ನಾಲ್ಕನೆಯದರಲ್ಲಿ ಸೊನ್ನೆ. ಮಕ್ಕಳಿಗೆ ತಾವು ಕಲಿತದ್ದು ಕಾರು ಕಟ್ಟುವುದೆಂದೇ ಅನ್ನಿಸಿರುತ್ತದೆ. ಆಟದ ಮೈದಾನಕ್ಕೆ ಹೋದ ಕೂಡಲೇ ಎಲ್ಲವೂ ಮೊದಲಿನಂತೆ. ಮದ್ದು ಸರಳ: ಪ್ರತಿ ವಾರ ಒಂದೇ ಒಂದು ಕೌಶಲವನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ (‘ಅರ್ಥವಾಗದಿದ್ದರೆ ಮತ್ತೆ ಕೇಳು’), ಕೊನೆಯಲ್ಲಿ ಅದು ಎಲ್ಲಿ ಬಳಕೆಯಾಯಿತೆಂದು ಮಕ್ಕಳಿಂದಲೇ ಹೇಳಿಸಿ, ಅದೇ ಚೀಟಿಯನ್ನು ತರಗತಿ ಶಿಕ್ಷಕರಿಗೆ ಕೊಡಿ. ಅವರು ಗಣಿತದ ಪಾಠದಲ್ಲೂ ಅದೇ ಮಾತು ಬಳಸಲಿ.

ಅಳತೆಗೆ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ 25 ಪ್ರಶ್ನೆಗಳ ಎಸ್‌ಡಿಕ್ಯೂ (ಮಗುವಿನ ನಡತೆ, ಭಾವನೆಗಳಲ್ಲಿನ ಬಲ ಮತ್ತು ತೊಂದರೆ ಕೇಳುವ) ಪ್ರಶ್ನಾವಳಿಯನ್ನು ಶಾಲೆಗಳು ಬಳಸುತ್ತವೆ. ಯಾರಿಗೆ ಸಹಾಯ ಬೇಕು ಎಂದು ಸೋಸಲು ಅದು ಚೆನ್ನ. ಮೂವರ ಗುಂಪಿನ ಬದಲಾವಣೆ ಹಿಡಿಯಲು ಒರಟು. ಅದಕ್ಕಿಂತ ಬಿಡುವಿನಲ್ಲಿ 10 ನಿಮಿಷ, ಬೇರೆಬೇರೆ ಮೂರು ದಿನ, ಮಗು ತಾನಾಗಿ ಬೇರೆಯವರ ಬಳಿ ಹೋದದ್ದನ್ನು ಗೆರೆ ಎಳೆದು ಎಣಿಸಿ. ಶುರುವಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಎರಡು ತಿಂಗಳು ಬಿಟ್ಟು ಇನ್ನೊಮ್ಮೆ.

ಖರ್ಚಿನ ಲೆಕ್ಕ ತುಂಡುಗಳದ್ದಲ್ಲ, ಹೊತ್ತಿನದ್ದು. 45 ನಿಮಿಷದ ಜೊತೆ ತಯಾರಿಗೆ 20 ಸೇರಿಸಿದರೆ 12 ವಾರಕ್ಕೆ 13 ಗಂಟೆ, ಅದೂ ಮೂವರಿಗೆ. ವೃತ್ತಾಕಾರ ಕೂತು ಮಾತಾಡುವ ಕ್ರಮದಲ್ಲಿ 30 ಮಕ್ಕಳು ಒಟ್ಟಿಗೆ ಬರುತ್ತಾರೆ ನಿಜ, ಆದರೆ ತಲೆಗೆ 40 ಸೆಕೆಂಡಾದರೂ 20 ನಿಮಿಷ. ಅದರಲ್ಲಿ 19 ನಿಮಿಷ 20 ಸೆಕೆಂಡು ಪ್ರತಿ ಮಗುವೂ ಕಾಯುತ್ತಲೇ ಇರುತ್ತದೆ. ನೀಲಿ, ಹಸಿರು, ಹಳದಿ, ಕೆಂಪು ಎಂದು ಮನಸ್ಥಿತಿಗೆ ಬಣ್ಣ ಕೊಡುವ ಚಾರ್ಟು ಒಳ್ಳೆಯ ಸಾಧನವೇ, ಅದು ಗೋಡೆಯ ಮೇಲೆ ‘ಇವತ್ತು ಕೆಂಪಿನಲ್ಲಿರುವವರು’ ಎಂಬ ಪಟ್ಟಿಯಾಗುವವರೆಗೆ. ಇಡೀ ತರಗತಿಗೆ ಏನಾದರೂ ಬೇಕೆಂದರೆ ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಶುರುಮಾಡಿದ ಜಿಗ್‌ಸಾ ಕ್ರಮ ನೋಡಿ. ಪಾಠವನ್ನು ಐದಾರು ಭಾಗ ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ನಕ್ಷೆ-ತಟ್ಟೆಯ ಅದೇ ಉಪಾಯ, ಪುಸ್ತಕದ ಪಾಠಕ್ಕೆ.

ಲೆಗೊ ಗುಂಪಿನಿಂದ ಆಗದ ಕೆಲಸವೂ ಇದೆ. ಮನೆಯಲ್ಲಿ ಸಾವಾದ, ಭಯದಲ್ಲಿ ಬದುಕುತ್ತಿರುವ, ತನಗೇ ಗಾಯ ಮಾಡಿಕೊಳ್ಳುವ ಮಗುವಿಗೆ ಇದು ಚಿಕಿತ್ಸೆಯಲ್ಲ. ಆಪ್ತ ಸಮಾಲೋಚಕರ ಕಡೆ ಕಳಿಸಬೇಕಾದ್ದನ್ನು ಇದು ತಡಮಾಡಬಾರದು. ಲೆಗೊ ಇಷ್ಟವೇ ಇಲ್ಲದ ಮಕ್ಕಳಿಗೂ ಬೇಡ. ಅವರಿಗೆ ಇದೇ ಮೂರು ಕೆಲಸಗಳನ್ನು ಅಡುಗೆಯಲ್ಲೋ ಕಾಗದದ ಕೆಲಸದಲ್ಲೋ ಹಂಚಬಹುದು.

ಮುಗಿಯುವುದನ್ನು ಮೂರು ವಾರ ಮೊದಲೇ ತಿಳಿಸಿ, ಉಳಿದ ಅವಧಿಗಳನ್ನು ಗೋಡೆಯ ಮೇಲೆ ಎಣಿಸುತ್ತ ಬನ್ನಿ. ಕೊನೆಯ ದಿನದ ತಕರಾರು ಸದಾ ಒಂದೇ: ಕಟ್ಟಿದ್ದು ಯಾರ ಪಾಲಿಗೆ? ಮನೆಗೆ ಯಾರಿಗೂ ಕೊಡಬೇಡಿ. ಮೂವರಿಗೂ ಒಂದೊಂದು ಫೋಟೊ ಸಾಕು, ಅದರ ಹಿಂದೆ ಇನ್ನಿಬ್ಬರು ಒಂದೊಂದು ಸಾಲು ಬರೆದಿರಲಿ. ಆಮೇಲೆ ಅದೇ ಮೂರು ಕೆಲಸ ಹಂಚಿ, ನಕ್ಷೆಯನ್ನು ಕೊನೆಯ ಹಾಳೆಯಿಂದ ಹಿಂದಕ್ಕೆ ಓದುತ್ತ ಬಿಚ್ಚಿಸಿ. ಎಂಜಿನಿಯರ್ ಹೇಳುತ್ತಾರೆ, ಮೇಸ್ತ್ರಿ ತೆಗೆಯುತ್ತಾರೆ, ಸ್ಟೋರಿನವರು ಎಣಿಸಿ ತಟ್ಟೆಗೆ ಹಾಕುತ್ತಾರೆ.